ಹೀಟರಿಗೆ ಮೊದಲು ಮುಚ್ಚಿಗೆ

ಪುಷ್ಯ, ಆಶ್ಲೇಷ ಮಳೆಗಳ ಥಂಡಿಯಾಗಲಿ, ಮಾಗಿಯ ಚಳಿಯಾಗಲಿ ಮಲೆನಾಡಿಗೆ ಹೊಸತಲ್ಲ. ಹೊಸತಾಗಿರುವುದು ಆ ಚಳಿಯನ್ನು ನಾವು ಎದುರಿಸುತ್ತಿರುವ ರೀತಿ. ಶಿರಸಿ, ಸಾಗರ, ತೀರ್ಥಹಳ್ಳಿ, ಮೂಡಿಗೆರೆ, ಮಡಿಕೇರಿಗಳ ಅಂಗಡಿಗಳಲ್ಲಿ ಮಿಕ್ಸಿ, ಗ್ರೈಂಡರುಗಳ ಪಕ್ಕದಲ್ಲಿ ವಿದ್ಯುತ್ ಹೀಟರುಗಳೂ ಜಾಗ ಪಡೆದಿವೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಕ್ಕಳು ಊರಿಗೆ ಬರುವಾಗ ವೃದ್ಧ ತಂದೆತಾಯಿಗಳಿಗೆಂದು ಒಂದು ಹೀಟರನ್ನು ಹೊತ್ತು ತರುತ್ತಾರೆ. ಬಾಣಂತಿಯ ಕೋಣೆಗೆ ಕೆಂಡದ ಬದಲು ಹೀಟರು ಬರುತ್ತಿದೆ. ಯಾವ ಹೀಟರು ಒಳ್ಳೆಯದು ಎಂಬ ಪ್ರಶ್ನೆಯನ್ನು ನಮ್ಮ ಬಳಗದ ಸಭೆಗಳಲ್ಲಿಯೂ ಅನೇಕರು ಕೇಳುತ್ತಾರೆ. ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಮುಂದಿಡುತ್ತಾರೆ: ಕಟ್ಟಿಗೆ ಸುಡುವುದಕ್ಕಿಂತ ವಿದ್ಯುತ್ತು ಬಳಸುವುದು ಕಾಡಿಗೆ ಒಳ್ಳೆಯದಲ್ಲವೇ?

ಇವೆರಡೂ ನ್ಯಾಯವಾದ ಪ್ರಶ್ನೆಗಳು. ಚಳಿಯನ್ನು ಸಹಿಸಿಕೊಂಡು ಕೂರುವುದೇ ಪರಿಸರಪ್ರೇಮ ಎಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಎಪ್ಪತ್ತೈದು ದಾಟಿದ ಅಜ್ಜಿಗೆ, ತೂಕ ಕಡಿಮೆಯಿರುವ ಹಸುಗೂಸಿಗೆ, ಉಬ್ಬಸದ ರೋಗಿಗೆ ಬೆಚ್ಚನೆಯ ಕೋಣೆ ಭೋಗವಲ್ಲ, ಆರೋಗ್ಯದ ಅಗತ್ಯ. ತಂಪು ಹಾಗೂ ಸಮಶೀತೋಷ್ಣ ಹವೆಯ ಪ್ರದೇಶಗಳಲ್ಲಿ ಮನೆಯೊಳಗಿನ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿರುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರತಂದ ವಸತಿ ಮತ್ತು ಆರೋಗ್ಯದ ಮಾರ್ಗಸೂಚಿಯಲ್ಲಿ ಹೇಳಿದೆ. ವೃದ್ಧರಿಗೆ, ಶಿಶುಗಳಿಗೆ, ರೋಗಿಗಳಿಗೆ ಅದಕ್ಕಿಂತ ತುಸು ಹೆಚ್ಚೇ ಬೇಕಾದೀತು.

ಆದರೆ ನಮ್ಮ ಚಳಿಯ ಸ್ವರೂಪವನ್ನು ಮೊದಲು ಅರಿಯಬೇಕು. ನಮ್ಮದು ಹಿಮಾಲಯದ ಚಳಿಯಲ್ಲ. ಇಲ್ಲಿ ಹೆಪ್ಪುಗಟ್ಟುವ ರಾತ್ರಿಗಳಿಲ್ಲ. ಮಾಗಿಯ ನಸುಕಿನಲ್ಲಿ ಉಷ್ಣತೆ ಹದಿನೈದರ ಆಸುಪಾಸಿಗೋ ಅದಕ್ಕೂ ಒಂದೆರಡು ಮೆಟ್ಟಿಲು ಕೆಳಕ್ಕೋ ಇಳಿದೀತು. ಆದ್ದರಿಂದ ಕೋಣೆಯಲ್ಲಿ ನಾವು ತುಂಬಿಕೊಡಬೇಕಾದ ಕೊರತೆ ನಾಲ್ಕಾರು ಡಿಗ್ರಿಯದು ಮಾತ್ರ. ಮಳೆಗಾಲದ ಸಂಗತಿ ಬೇರೆ. ಆಗ ಕಾಡುವುದು ಚಳಿಗಿಂತ ಹೆಚ್ಚಾಗಿ ತೇವ. ವಾರಗಟ್ಟಲೆ ಬಿಸಿಲು ಕಾಣದ ಗೋಡೆ, ಒಣಗದ ಬಟ್ಟೆ, ಹಸಿಯಾದ ಹಾಸಿಗೆ ಇವು ಮೈಯ ಶಾಖವನ್ನು ಹೀರುತ್ತವೆ. ಈ ಎರಡು ಬಗೆಯ ಚಳಿಗಳಿಗೆ ಮದ್ದು ಒಂದೇ ಅಲ್ಲ.

ಎಲ್ಲ ಹೀಟರುಗಳ ಲೆಕ್ಕವೂ ಒಂದೇ

ಹೀಟರು ಕೊಳ್ಳಹೋದವರಿಗೆ ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ‘ಇದು ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ ಕೊಡುತ್ತದೆ’ ಎಂಬುದು. ಈ ಮಾತನ್ನು ನಂಬಬೇಕಾಗಿಲ್ಲ. ತಂತಿಯೋ ಸುರುಳಿಯೋ ಪಿಂಗಾಣಿಯ ಬಿಲ್ಲೆಯೋ ಕಾಯುವ ಯಾವ ಹೀಟರೇ ಆಗಲಿ, ಒಂದು ಯೂನಿಟ್ ವಿದ್ಯುತ್ತಿಗೆ 860 ಕಿಲೋಕ್ಯಾಲರಿ ಶಾಖವನ್ನಷ್ಟೇ ಕೊಡುತ್ತದೆ. ಎಂಟುನೂರು ರೂಪಾಯಿಯ ಹೀಟರಿಗೂ ಹನ್ನೆರಡು ಸಾವಿರದ ಹೀಟರಿಗೂ ಈ ನಿಯಮ ಸಮಾನ. ಅದಕ್ಕಿಂತ ಹೆಚ್ಚು ಪಡೆಯುವುದೂ ಸಾಧ್ಯವಿಲ್ಲ, ಕಡಿಮೆ ಪಡೆಯುವುದೂ ಸಾಧ್ಯವಿಲ್ಲ. ವ್ಯತ್ಯಾಸವಿರುವುದು ಆ ಶಾಖ ಎಲ್ಲಿಗೆ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ, ಎಷ್ಟು ಸುರಕ್ಷಿತವಾಗಿ ಹೋಗುತ್ತದೆ ಎಂಬುದರಲ್ಲಿ.

ಈ ನಿಯಮಕ್ಕೆ ಹೊರತಾದ ಯಂತ್ರ ಒಂದೇ. ಬೇಸಿಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ಬಿಸಿಯನ್ನೂ ಕೊಡುವ ಏರ್ ಕಂಡಿಷನರು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಕ್ಕೆ ಸಾಗಿಸುತ್ತದೆ. ಬಾವಿಯ ನೀರನ್ನು ಪಂಪು ಎತ್ತಿದಂತೆ ಈ ಕೆಲಸ. ಹೀಗಾಗಿ ನಮ್ಮಂತಹ ಸೌಮ್ಯ ಚಳಿಯ ಊರಿನಲ್ಲಿ ಅದು ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡಬಲ್ಲುದು. ಆದರೆ ಅದರ ಬೆಲೆ ಬಹಳ ಹೆಚ್ಚು. ಹಳ್ಳಿಯ ಕುಸಿದ ವೋಲ್ಟೇಜಿಗೆ ಅದರ ಕಂಪ್ರೆಸರು ತಡೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗಾಳಿಯಾಡದಂತೆ ಮುಚ್ಚಿದ ಕೋಣೆ ಅದಕ್ಕೆ ಬೇಕು. ಅಂತಹ ಕೋಣೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ?

ಶಾಖ ಹೋಗುವ ದಾರಿ

ಈ ಪ್ರಶ್ನೆಯೇ ವಿಷಯದ ತಿರುಳು. ಹತ್ತು ಅಡಿಗೆ ಹನ್ನೆರಡು ಅಡಿ ಅಳತೆಯ, ಒಂಬತ್ತು ಅಡಿ ಎತ್ತರದ ಒಂದು ಮಲಗುವ ಕೋಣೆಯನ್ನು ತೆಗೆದುಕೊಳ್ಳೋಣ. ಅದರಲ್ಲಿರುವ ಗಾಳಿ ಸುಮಾರು 30 ಘನ ಮೀಟರು. ಅಷ್ಟೂ ಗಾಳಿಯನ್ನು ಎಂಟು ಡಿಗ್ರಿ ಬಿಸಿ ಮಾಡಲು ಬೇಕಾದ ವಿದ್ಯುತ್ತು ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಹಣದ ಲೆಕ್ಕದಲ್ಲಿ ಒಂದು ರೂಪಾಯಿಯೂ ಆಗದು. ಹಾಗಾದರೆ ಎರಡು ಸಾವಿರ ವ್ಯಾಟಿನ ಹೀಟರು ರಾತ್ರಿಯಿಡೀ ಉರಿದರೂ ಕೋಣೆ ಬೆಚ್ಚಗಾಗದಿರುವುದೇಕೆ? ಕಾದ ಗಾಳಿ ನಮ್ಮೊಡನೆ ನಿಲ್ಲುವುದಿಲ್ಲ, ಮೇಲೇರಿ ಹೊರಗೆ ಹೋಗುತ್ತದೆ.

ಹಂಚಿನ ಮಾಡು ನಮ್ಮ ಮಳೆಗೂ ಸೆಕೆಗೂ ಹೇಳಿ ಮಾಡಿಸಿದ ವ್ಯವಸ್ಥೆ. ಅದು ಉಸಿರಾಡುತ್ತದೆ. ಹಂಚು ಹಂಚಿನ ನಡುವಿನ ಸಂದು, ಗೋಡೆಯ ತಲೆಗೂ ಪಕಾಸಿಗೂ ನಡುವಿನ ಕಿಂಡಿ, ಬಾಗಿಲ ಕೆಳಗಿನ ತೆರಪು ಇವುಗಳ ಮೂಲಕ ಕೋಣೆಯ ಗಾಳಿ ಗಂಟೆಗೆ ಹಲವು ಬಾರಿ ಬದಲಾಗುತ್ತದೆ. ಗಂಟೆಗೆ ಹತ್ತು ಬಾರಿ ಬದಲಾಯಿತೆಂದರೆ, ಹೊಸದಾಗಿ ಒಳಬಂದ ತಣ್ಣನೆಯ ಗಾಳಿಯನ್ನು ಎಂಟು ಡಿಗ್ರಿ ಬಿಸಿ ಮಾಡುವುದಕ್ಕೇ ಎಡೆಬಿಡದೆ ಎಂಟುನೂರು ವ್ಯಾಟ್ ಬೇಕು. ಇದರ ಮೇಲೆ ತೆಳುವಾದ ಹಂಚಿನ ಮೂಲಕವೇ ಸೋರಿಹೋಗುವ ಶಾಖ ಇನ್ನೊಂದು ಐದಾರು ನೂರು ವ್ಯಾಟಿನಷ್ಟು. ಗೋಡೆ, ನೆಲಗಳ ಪಾಲು ಬೇರೆ. ಹೀಗೆ ಎರಡು ಸಾವಿರ ವ್ಯಾಟಿನ ಹೀಟರು ಹಂಚಿನ ಮೇಲಿನ ಆಕಾಶವನ್ನು ಕಾಯಿಸುತ್ತಾ ರಾತ್ರಿ ಕಳೆಯುತ್ತದೆ. ಹೀಟರಿನಲ್ಲಿ ಥರ್ಮೋಸ್ಟಾಟ್ ಇದೆ, ಕೋಣೆ ಬಿಸಿಯಾದೊಡನೆ ತಾನೇ ಆರುತ್ತದೆ ಎಂಬ ಭರವಸೆಯೂ ಇಲ್ಲಿ ಹುಸಿಯಾಗುತ್ತದೆ. ಗೊತ್ತುಪಡಿಸಿದ ಬಿಸಿಯನ್ನು ಕೋಣೆ ಎಂದೂ ಮುಟ್ಟುವುದಿಲ್ಲ. ಆದ್ದರಿಂದ ಹೀಟರು ಎಂದೂ ಆರುವುದಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಅಡಿಗೆಮನೆಯ ಮಾಡನ್ನು ಹೊಗೆ ಹೋಗಲೆಂದು ತೆರೆದಿಟ್ಟವರು ಮಲಗುವ ಕೋಣೆಗೆ, ಬಾಣಂತಿಯ ಕೋಣೆಗೆ ಮರದ ಮುಚ್ಚಿಗೆ ಹಾಕಿಸಿದರು. ಒಂದಂಗುಲ ದಪ್ಪದ ಹಲಗೆಯ ಮುಚ್ಚಿಗೆ ಹಂಚಿನ ಮೂಲಕ ಸೋರುವ ಶಾಖವನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾದ ಗಾಳಿ ಮೇಲೇರಿ ಪಾರಾಗುವ ದಾರಿಯನ್ನೇ ಮುಚ್ಚುತ್ತದೆ. ಅಟ್ಟದ ಮೇಲೆ ಒಣಹುಲ್ಲು, ಅಡಿಕೆ ಚೀಲ ಇದ್ದರಂತೂ ಅದು ಇನ್ನೊಂದು ಕಂಬಳಿ ಹೊದಿಸಿದಂತೆ. ತೋಟದ ಬುಡಕ್ಕೆ ದರಗು ಹಾಸಿ ಮಣ್ಣಿನ ತಂಪನ್ನೂ ತೇವವನ್ನೂ ಕಾಪಾಡುವ ಕೃಷಿಕನಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಮನೆಗಳಲ್ಲಿ ಮುಚ್ಚಿಗೆ ಮಾಯವಾಗಿದೆ. ಮರದ ಬೆಲೆ ಏರಿದ್ದು ಅದಕ್ಕೆ ಒಂದು ಕಾರಣ, ಮಾಡು ಎತ್ತರವಾಗಿ ಕಾಣಲಿ ಎಂಬ ಪೇಟೆಯ ಆಸೆ ಇನ್ನೊಂದು. ತಗಡಿನ ಮಾಡು ಬಂದ ಮೇಲೆ ಪರಿಸ್ಥಿತಿ ಮತ್ತಷ್ಟು ಕೆಟ್ಟಿದೆ. ತಗಡು ಬೇಗ ಕಾಯುತ್ತದೆ, ಅಷ್ಟೇ ಬೇಗ ತಣ್ಣಗಾಗುತ್ತದೆ.

ಆದ್ದರಿಂದ ಹೀಟರಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ಮುಚ್ಚಿಗೆಗೆ ಸಲ್ಲಬೇಕು. ಹಲಗೆ ದುಬಾರಿಯಾದರೆ ಬಿದಿರಿನ ತಟ್ಟಿಯ ಮುಚ್ಚಿಗೆ ಮಾಡಬಹುದು. ಮೇಲೆ ಮಣ್ಣು ಮೆತ್ತಿದರೆ ಸಂದುಗಳೂ ಮುಚ್ಚುತ್ತವೆ. ಎಲ್ಲ ಕೋಣೆಗಳಿಗೂ ಬೇಡ, ವೃದ್ಧರೋ ಮಗುವೋ ಮಲಗುವ ಒಂದು ಕೋಣೆಗೆ ಸಾಕು. ಬಾಗಿಲ ಕೆಳಗಿನ ತೆರಪಿಗೆ ಹಳೆಯ ಬಟ್ಟೆಯ ಸುರುಳಿ, ಕಿಟಕಿಗೆ ದಪ್ಪ ಪರದೆ, ನೆಲದ ಹಾಸಿಗೆಯ ಬದಲು ಮಂಚ, ಹೊರಗೋಡೆಯಿಂದ ಒಂದಡಿ ದೂರಕ್ಕೆ ಸರಿಸಿದ ಮಂಚ, ಮೈಮೇಲೆ ಮಾತ್ರವಲ್ಲದೆ ಮೈಕೆಳಗೂ ಒಂದು ಕಂಬಳಿ. ಇವು ಯಾವುವೂ ಕರೆಂಟು ಬೇಡುವುದಿಲ್ಲ. ಹೊದಿಕೆಯಷ್ಟೇ ಹಾಸು ಕೂಡ ಮುಖ್ಯವೆಂಬುದನ್ನು ಅನೇಕರು ಮರೆಯುತ್ತಾರೆ.

ಯಾವುದಕ್ಕೆ ಯಾವುದು

ಇಷ್ಟೆಲ್ಲ ಮಾಡಿದ ಮೇಲೂ ಹೀಟರು ಬೇಕಾದರೆ, ಅದರ ಬಳಕೆ ಏನೆಂಬುದರ ಮೇಲೆ ಆಯ್ಕೆ ನಿಲ್ಲಬೇಕು.

ಕೆಂಪಗೆ ಕಾಯುವ ರಾಡಿನ ಹೀಟರುಗಳು, ಕ್ವಾರ್ಟ್ಜ್ ಮತ್ತು ಹ್ಯಾಲೊಜೆನ್ ಬಗೆಯವು, ಬಿಸಿಲಿನಂತೆ ಕೆಲಸ ಮಾಡುತ್ತವೆ. ಅವು ಮುಖ್ಯವಾಗಿ ಎದುರಿಗಿರುವ ಮೈಯನ್ನು ಕಾಯಿಸುತ್ತವೆ, ಗಾಳಿಯನ್ನಲ್ಲ. ಕೋಳಿಮರಿ ಸಾಕುವವರು ಇಡೀ ಶೆಡ್ಡನ್ನು ಬಿಸಿ ಮಾಡುವುದಿಲ್ಲ. ಬ್ರೂಡರಿನ ತೊಪ್ಪಿಗೆಯ ಕೆಳಗೆ ಮಾತ್ರ ಮೊದಲ ವಾರ ಸುಮಾರು 35 ಡಿಗ್ರಿ ಇಟ್ಟು, ಮುಂದೆ ವಾರ ವಾರಕ್ಕೆ ಇಳಿಸುತ್ತಾ ಹೋಗುತ್ತಾರೆ. ಅದೇ ನೀತಿ ಇಲ್ಲಿಯೂ ಸಲ್ಲುತ್ತದೆ. ಮುಚ್ಚಿಗೆಯಿಲ್ಲದ ಜಗಲಿಯಲ್ಲಿ ಸಂಜೆ ಒಂದು ಗಂಟೆ ಕುಳಿತುಕೊಳ್ಳುವ ಅಜ್ಜನಿಗೆ ನಾನೂರು ವ್ಯಾಟಿನ ಒಂದೇ ರಾಡು ಸಾಕಾದೀತು. ಆದರೆ ನಿದ್ರಿಸುವವರ ಕೋಣೆಯಲ್ಲಿ ಇದನ್ನು ಉರಿಯಬಿಡಬಾರದು. ಹೊದಿಕೆಯ ಅಂಚು ತಗುಲಿದರೆ ಬೆಂಕಿ ಹಿಡಿಯುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಗೆ ಇದು ಹೇಳಿದ್ದಲ್ಲ. ಸುರುಳಿ ತೆರೆದಿರುವ ಹಳೆಯ ಮಾದರಿಯ ಹೀಟರನ್ನಂತೂ ಯಾರೂ ಬಳಸಬಾರದು.

ಫ್ಯಾನ್ ಹೀಟರು, ಜನ ಬ್ಲೋವರ್ ಎನ್ನುವಂಥದ್ದು, ಅಗ್ಗ ಮತ್ತು ಹಗುರ. ಸಣ್ಣ ಮುಚ್ಚಿದ ಕೋಣೆಯನ್ನು ಬೇಗ ಬಿಸಿ ಮಾಡುತ್ತದೆ, ಆರಿಸಿದೊಡನೆ ಕೋಣೆಯೂ ತಣ್ಣಗಾಗುತ್ತದೆ. ಮಗುವಿಗೆ ಸ್ನಾನ ಮಾಡಿಸುವ ಮುನ್ನ ಬಟ್ಟೆ ತೊಡಿಸುವ ಕೋಣೆಯನ್ನು ಹತ್ತು ನಿಮಿಷ ಬೆಚ್ಚಗೆ ಮಾಡುವಂತಹ ಕೆಲಸಕ್ಕೆ ಇದು ತಕ್ಕದ್ದು. ಸ್ನಾನದ ಕೋಣೆಯ ಒಳಕ್ಕೆ ಮಾತ್ರ ಒಯ್ಯಕೂಡದು. ಹಂಚಿನ ತೆರೆದ ಕೋಣೆಯಲ್ಲಿ ಇದು ವ್ಯರ್ಥ. ವರ್ಷದ ಎಂಟು ತಿಂಗಳು ಅಟ್ಟದ ಮೇಲಿದ್ದು ಧೂಳು, ಜೇಡರಬಲೆ ತುಂಬಿಕೊಂಡದ್ದನ್ನು ಶುಚಿ ಮಾಡದೆ ಹಚ್ಚುವುದು ಅಪಾಯ.

ಎಣ್ಣೆ ತುಂಬಿದ ರೇಡಿಯೇಟರು ನಿಧಾನಿ. ಕಾಯಲು ಅರ್ಧ ಗಂಟೆ ಬೇಕು, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಉಳಿಯುತ್ತದೆ. ಕೆಂಪಗೆ ಕಾಯುವ ಭಾಗವಿಲ್ಲ, ಸದ್ದಿಲ್ಲ. ಒಳಗಿನ ಎಣ್ಣೆ ಉರಿಯುವುದೂ ಇಲ್ಲ, ತೀರುವುದೂ ಇಲ್ಲ. ರೋಗಿಯೋ ಮಗುವೋ ಮಲಗುವ, ಮುಚ್ಚಿಗೆಯುಳ್ಳ ಕೋಣೆಗೆ ರಾತ್ರಿಯ ಬಳಕೆಗೆಂದು ಹೀಟರು ಕೊಳ್ಳಲೇಬೇಕಾದರೆ ನಮ್ಮ ಸಲಹೆ ಇದೇ. ಬೆಲೆ ಫ್ಯಾನ್ ಹೀಟರಿನ ಹಲವು ಪಟ್ಟು ಎಂಬುದು ನಿಜ. ಅತಿ ಹೆಚ್ಚು ರೆಕ್ಕೆಗಳಿರುವುದನ್ನು ಕೊಳ್ಳಬೇಕಾಗಿಲ್ಲ. ನಮ್ಮ ಚಳಿಗೆ, ಸಣ್ಣ ಕೋಣೆಗೆ, ಸಾವಿರ ವ್ಯಾಟಿನ ಆಸುಪಾಸಿಗೆ ಇಳಿಸಬಲ್ಲ ಮಾದರಿ ಸಾಕು.

ಇವೆಲ್ಲಕ್ಕಿಂತ ಮಿತವ್ಯಯದ್ದು ಹಾಸಿಗೆಯನ್ನಷ್ಟೇ ಬೆಚ್ಚಗಿಡುವುದು. ವಿದ್ಯುತ್ ಹಾಸುಗಂಬಳಿ ಸುಮಾರು ನೂರು ವ್ಯಾಟ್ ಬೇಡುತ್ತದೆ. ಮಲಗುವ ಮುನ್ನ ಅರ್ಧ ಗಂಟೆ ಹಚ್ಚಿ, ಮಲಗಿದ ಮೇಲೆ ಆರಿಸಬಹುದು. ಹಸುಗೂಸಿಗೆ, ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳಿಗೆ ಇದು ಬೇಡ. ಬಚ್ಚಲ ಹಂಡೆಯ ನೀರು ತುಂಬಿದ ರಬ್ಬರು ಚೀಲ ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟರೆ ವಿದ್ಯುತ್ತೂ ಬೇಡ. ಹಸುಗೂಸಿಗೆ ತಾಯಿಯ ಮೈಶಾಖಕ್ಕಿಂತ ಒಳ್ಳೆಯ ಹೀಟರು ಇಲ್ಲವೆಂಬುದನ್ನು ಇಂದಿನ ವೈದ್ಯಕೀಯವೂ ಒಪ್ಪುತ್ತದೆ.

ಹೀಟರು ಕೋಣೆಯ ಆಮ್ಲಜನಕವನ್ನು ಸುಡುತ್ತದೆ ಎಂಬ ಮಾತು ಊರೂರಲ್ಲಿ ಹರಡಿದೆ. ಇದು ತಪ್ಪು. ವಿದ್ಯುತ್ ಹೀಟರಿನಲ್ಲಿ ಏನೂ ಉರಿಯುವುದಿಲ್ಲ. ಆಮ್ಲಜನಕವನ್ನು ಸುಡುವುದು ಬೆಂಕಿ. ಹೀಟರಿನ ಪಕ್ಕದಲ್ಲಿ ನೀರಿನ ಪಾತ್ರೆ ಇಡುವುದು ಒಣಹವೆಯ ಉತ್ತರ ಭಾರತದಿಂದ ಬಂದ ಪದ್ಧತಿ. ನಮ್ಮ ಮಳೆಗಾಲಕ್ಕೆ ಅದು ಬೇಕಿಲ್ಲ. ಇಲ್ಲಿ ನೀರು ಮೊದಲೇ ಗೋಡೆಯಲ್ಲಿದೆ. ಹಾಗೆಯೇ ಹಸಿಬಟ್ಟೆಯನ್ನು ಹೀಟರಿನ ಮೇಲೆ ಹರವುವುದು ಎರಡು ಬಗೆಯಲ್ಲಿ ಕೇಡು. ಬೆಂಕಿಯ ಭಯ ಒಂದು. ಬಟ್ಟೆಯ ನೀರೆಲ್ಲ ಕೋಣೆಯ ಗಾಳಿಗೆ ಸೇರಿ, ಹೀಟರು ಆರಿದ ಮೇಲೆ ತಣ್ಣನೆಯ ಗೋಡೆಯ ಮೇಲೆ ಇಳಿದು ಬೂಷ್ಟು ಹಿಡಿಸುವುದು ಇನ್ನೊಂದು. ಉಬ್ಬಸದ ರೋಗಿಗೆ ಚಳಿಗಿಂತ ಆ ಬೂಷ್ಟೇ ಹೆಚ್ಚಿನ ಶತ್ರು. ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಮೇಲಿನ ಗಳವೇ ಸರಿಯಾದ ಜಾಗ.

ತಂತಿ, ಪ್ಲಗ್ಗು, ಬಿಲ್ಲು

ಎರಡು ಸಾವಿರ ವ್ಯಾಟಿನ ಹೀಟರು 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ದೀಪ, ಮೊಬೈಲುಗಳಿಗೆಂದು ಹಾಕಿದ ಸಣ್ಣ ಪ್ಲಗ್ಗಿನ ಶಕ್ತಿ 6 ಆಂಪಿಯರ್. ಅದಕ್ಕೆ ಈ ಹೀಟರನ್ನು ಸಿಕ್ಕಿಸಿದರೆ, ಅಥವಾ ಎಕ್ಸ್‌ಟೆನ್ಷನ್ ಬಾಕ್ಸಿನ ಮೂಲಕ ಹಚ್ಚಿದರೆ, ಹೀಟರಿಗಿಂತ ಮೊದಲು ಗೋಡೆಯೊಳಗಿನ ತಂತಿ ಕಾಯುತ್ತದೆ. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಹರಿದ ವಯರು, ಅಟ್ಟದಲ್ಲಿ ಇಲಿ ಕಡಿದ ವಯರು, ಸುತ್ತ ಒಣಹುಲ್ಲು. ಇವು ಕೂಡಿದಾಗ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಹೀಟರಿಗೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಸರಿಯಾದ ಅರ್ತಿಂಗ್, ಎಂಸಿಬಿ ಇರತಕ್ಕದ್ದು. ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನ ತೇವದ ನಾಡಿನ ಪ್ರತಿ ಮನೆಗೂ ಬೇಕು. ಐಎಸ್‌ಐ ಗುರುತು, ಉರುಳಿದರೆ ತಾನೇ ಆರುವ ಸ್ವಿಚ್ಚು ಇವನ್ನು ನೋಡಿಯೇ ಹೀಟರು ಕೊಳ್ಳಬೇಕು. ಹಾಸಿಗೆ, ಪರದೆಗಳಿಂದ ಅದು ಮೂರಡಿ ದೂರವಿರಬೇಕು. ಸಿಡಿಲಿನ ದಿನಗಳಲ್ಲಿ ಪಿನ್ನು ಕಿತ್ತಿಡಬೇಕು.

ವೋಲ್ಟೇಜಿನ ಮಾತನ್ನೂ ಆಡಬೇಕು. ಟಿ.ಸಿ.ಯಿಂದ ದೂರವಿರುವ ಒಂಟಿಮನೆಗಳಿಗೆ ಸಂಜೆ 180 ವೋಲ್ಟ್ ಬಂದರೆ ಪುಣ್ಯ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟಿನಲ್ಲಿ ಎರಡು ಸಾವಿರ ವ್ಯಾಟ್ ಕೊಡುವ ಹೀಟರು 180 ವೋಲ್ಟಿನಲ್ಲಿ ಕೊಡುವುದು ಸುಮಾರು 1,225 ವ್ಯಾಟ್ ಮಾತ್ರ. ಹೀಟರು ಕಾಯುತ್ತಿಲ್ಲವೆಂದು ಅಂಗಡಿಯವನನ್ನು ದೂರುವ ಮೊದಲು ಇದನ್ನು ಗಮನಿಸಬೇಕು. ಒಂದೇ ಟಿ.ಸಿ.ಯ ಕೆಳಗಿನ ಹತ್ತು ಮನೆಗಳು ಒಮ್ಮೆಗೇ ಹೀಟರು ಹಚ್ಚಿದರೆ ಆ ವೋಲ್ಟೇಜೂ ಉಳಿಯುವುದಿಲ್ಲ.

ಇನ್ನು ಬಿಲ್ಲು. ಎರಡು ಕಿಲೋವ್ಯಾಟಿನ ಹೀಟರು ಎಡೆಬಿಡದೆ ಎಂಟು ಗಂಟೆ ಉರಿದರೆ ರಾತ್ರಿಗೆ 16 ಯೂನಿಟ್, ತಿಂಗಳಿಗೆ 480 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 2,880 ರೂಪಾಯಿ. ನಾನೂರು ವ್ಯಾಟಿನ ರಾಡು ದಿನಕ್ಕೆ ಎರಡು ಗಂಟೆ ಉರಿದರೆ ತಿಂಗಳಿಗೆ 24 ಯೂನಿಟ್, 144 ರೂಪಾಯಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಕರೆಂಟು ಬಿಟ್ಟಿ ಎಂಬ ಭಾವನೆ ಬೆಳೆದಿದೆ. ಆ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯ ಮೇಲೆ ಒಂದು ಮಿತಿ ಗೊತ್ತಾಗಿದೆ. ಮಿತಿ ಮೀರಿದ ಯೂನಿಟ್ಟಿಗೆ ಹಣ ತೆರಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಒಂದು ಹೀಟರು ಒಂದು ಮನೆಯನ್ನು ಆ ಗೆರೆ ದಾಟಿಸಲು ಸಾಕು.

ಕೆಂಡದ ಮಡಕೆಯ ಅಪಾಯ

ವಿದ್ಯುತ್ತು ದುಬಾರಿಯೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಅಥವಾ ಇದ್ದಿಲು ಇಟ್ಟು ಮಲಗುವುದು ಮಾತ್ರ ಎಂದಿಗೂ ಸಲ್ಲದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗಾಳಿ ಸಾಲದ ಕಡೆ ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಏಳದ ನಿದ್ರೆ. ಹಿಂದೆ ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಅಂದಿನ ಮನೆಗಳ ಸಂದುಗೊಂದಿಗಳಲ್ಲಿ ಗಾಳಿಯಾಡುತ್ತಿತ್ತು. ಇಂದಿನ ಆರ್‌ಸಿಸಿ ಕೋಣೆಗೆ ಗಾಜಿನ ಕಿಟಕಿ, ಬಿಗಿಯಾದ ಬಾಗಿಲು. ಮುಚ್ಚಿಗೆ ಹಾಕಿ, ಸಂದು ತುಂಬಿ ಎಂದು ಮೇಲೆ ಹೇಳಿದೆವು. ಹಾಗೆ ಮಾಡಿದ ಕೋಣೆಗೆ ಕೆಂಡದ ಮಡಕೆ ಕಾಲಿಡಕೂಡದು. ತೋಟದ ಕೂಲಿ ಲೈನುಗಳಲ್ಲಿ, ಪ್ರವಾಸಿಗರ ಡೇರೆಗಳಲ್ಲಿ ಈ ಅಪಾಯ ಹೆಚ್ಚು. ಓದುಬಲ್ಲ ವಿದ್ಯಾರ್ಥಿಗಳು ಓದಲಾರದವರಿಗೆ ಇದನ್ನು ತಿಳಿಸಬೇಕು.

ಕಾಡೋ, ಕಣಿವೆಯೋ

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ಕಟ್ಟಿಗೆ ಕಾಡಿನಿಂದ ಬರುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ವಿದ್ಯುತ್ತು ಎಲ್ಲಿಂದ ಬರುತ್ತದೆಂಬುದು ಕಾಣುವುದಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟು ನೂರಾರು ಊರುಗಳನ್ನು, ಕಾಡನ್ನು, ಗದ್ದೆತೋಟಗಳನ್ನು ಮುಳುಗಿಸಿ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರಕ್ಕೆ ನೀರುಣಿಸಿತು. ಕಾಳಿ, ವಾರಾಹಿ, ಚಕ್ರಾ ನದಿಗಳ ಕಥೆಯೂ ಅದೇ. ನೀರಿನಿಂದ ಬಾರದ ವಿದ್ಯುತ್ತಿನಲ್ಲಿ ಒಂದು ಪಾಲು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನಿಂದ ಬರುತ್ತದೆ. ಕಲ್ಲಿದ್ದಲಿನ ಸ್ಥಾವರವು ಸುಟ್ಟ ಇದ್ದಿಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಉಳಿದದ್ದು ಅಲ್ಲಿಯೇ ನಷ್ಟ. ಶಾಖವನ್ನು ಕಷ್ಟಪಟ್ಟು ವಿದ್ಯುತ್ತಾಗಿಸಿ, ನೂರಾರು ಮೈಲಿ ಸಾಗಿಸಿ, ಮತ್ತೆ ಅದನ್ನು ಶಾಖವಾಗಿಸುವುದು ಎಂತಹ ವ್ಯಾಪಾರವೆಂದು ಯೋಚಿಸಬೇಕು.

ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆಯಲ್ಲ ಎನ್ನಬಹುದು. ಇದೆ. ಆದರೆ ಹೀಟರು ಉರಿಯುವುದು ಸೂರ್ಯ ಮುಳುಗಿದ ಮೇಲೆ, ಅವನು ಏಳುವ ಮೊದಲು. ಸಂಜೆಯ ಈ ಬೇಡಿಕೆಯನ್ನು ತೋರಿಸಿಯೇ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ, 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಮರ್ಥಿಸಲಾಗುತ್ತಿದೆ. ಮಲೆನಾಡಿನ ಹೀಟರುಗಳಿಂದಲೇ ಆ ಯೋಜನೆ ಬಂತೆನ್ನುವುದು ಅತಿಶಯೋಕ್ತಿ. ರಾಜ್ಯದ ಬೇಡಿಕೆಯಲ್ಲಿ ನಮ್ಮ ಪಾಲು ಸಣ್ಣದು. ಆದರೆ ಕಣಿವೆಯನ್ನು ಉಳಿಸಿರೆಂದು ಹಗಲಲ್ಲಿ ಮನವಿ ಕೊಟ್ಟು, ರಾತ್ರಿ ಆಕಾಶವನ್ನು ಕಾಯಿಸುತ್ತಾ ಮಲಗಿದರೆ ನಮ್ಮ ಮಾತಿಗೆ ತೂಕವಿರುವುದಿಲ್ಲ.

ಹಾಗೆಂದು ಕಟ್ಟಿಗೆಯೇ ಸರಿಯೆಂಬ ತೀರ್ಮಾನವೂ ಅಲ್ಲ. ಹಸಿಮರ ಕಡಿದು ತೆರೆದ ಒಲೆಯಲ್ಲಿ ಉರಿಸುವುದು ಕಾಡಿಗೂ ಕೇಡು, ಹೊಗೆ ಕುಡಿಯುವ ಹೆಂಗಸರ ಶ್ವಾಸಕೋಶಕ್ಕೂ ಕೇಡು. ಆದರೆ ಬೆಟ್ಟದ ಒಣಟೊಂಗೆ, ಅಡಿಕೆ ಸೋಗೆ, ತೆಂಗಿನ ಸಿಪ್ಪೆ ಪ್ರತಿವರ್ಷ ಹುಟ್ಟುವ ಉರುವಲು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟಿ, ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಕೆಲಸ ಮಾಡಬಹುದೆಂದು ತೋರಿಸಿಕೊಟ್ಟಿತು. ಅದೇ ತತ್ತ್ವದ ಬಚ್ಚಲ ಒಲೆಯೊಂದು ಸ್ನಾನದ ನೀರು ಕಾಯಿಸುತ್ತದೆ, ಬಟ್ಟೆ ಒಣಗಿಸುತ್ತದೆ, ಪಕ್ಕದ ಕೋಣೆಯ ಗೋಡೆಯನ್ನೂ ಬೆಚ್ಚಗಿಡುತ್ತದೆ. ಒಂದೇ ಬೆಂಕಿಯಿಂದ ಮೂರು ಕೆಲಸ. ಹೊಸ ಮನೆ ಕಟ್ಟುವವರು ವೃದ್ಧರ ಕೋಣೆಯನ್ನು ಬಚ್ಚಲ ಒಲೆಯ ಗೋಡೆಗೆ ತಾಗಿಸಿ ಕಟ್ಟಿಸಲಿ.

ಸಾರ್ವಜನಿಕ ಕರ್ತವ್ಯ

ಈ ವಿಷಯ ಮನೆಯೊಳಗೆ ಮುಗಿಯುವುದಿಲ್ಲ. ತಗಡಿನ ಮಾಡಿನ ಅಂಗನವಾಡಿಗಳು, ಕಿಟಕಿಗೆ ಬಾಗಿಲಿಲ್ಲದ ವಿದ್ಯಾರ್ಥಿನಿಲಯಗಳು, ಹೆರಿಗೆಯಾಗುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ನಮ್ಮ ಸುತ್ತ ಇವೆ. ಅಲ್ಲಿಗೆ ದಾನಿಗಳು ಹೀಟರು ಕೊಡುವುದು ಸುಲಭ, ಛಾಯಾಚಿತ್ರಕ್ಕೂ ಒಳ್ಳೆಯದು. ಆದರೆ ಮುಚ್ಚಿಗೆ, ಸರಿಯಾದ ವೈರಿಂಗ್, ದಪ್ಪ ಹಾಸು ಕೊಡಬೇಕಾದದ್ದು ಸರ್ಕಾರ ಮತ್ತು ಗ್ರಾಮ ಪಂಚಾಯತಿಗಳ ಕರ್ತವ್ಯ. ಗ್ರಾಮಸಭೆಯಲ್ಲಿ ಈ ಬೇಡಿಕೆ ದಾಖಲಾಗಬೇಕು. ಮೆಸ್ಕಾಂ, ಹೆಸ್ಕಾಂ, ಸೆಸ್ಕ್ ಕಚೇರಿಗಳಿಗೆ ವೋಲ್ಟೇಜಿನ ಬಗ್ಗೆ ಲಿಖಿತ ದೂರು ಹೋಗಬೇಕು. ಬಾಯಿಮಾತಿನ ದೂರಿಗೆ ಲೆಕ್ಕವಿಲ್ಲ. ಕೋಣೆಗೊಂದು ಹೀಟರು ಎಂದು ಪ್ರಕಟಿಸಿ ಅತಿಥಿಗಳನ್ನು ಕರೆಯುವ ಹೋಂಸ್ಟೇಗಳು, ರೆಸಾರ್ಟುಗಳು ಅದೇ ಟಿ.ಸಿ.ಯಿಂದ ಎಷ್ಟು ಎಳೆಯುತ್ತಿವೆ, ಅದಕ್ಕೆ ತಕ್ಕ ಸಂಪರ್ಕ ಪಡೆದಿವೆಯೇ ಎಂದು ಕೇಳುವ ಹಕ್ಕೂ ಊರಿನವರಿಗಿದೆ. ಒಬ್ಬರ ಎರಡು ದಿನದ ಮೋಜಿಗೆ ಪಕ್ಕದ ಕೂಲಿ ಲೈನಿನ ಬಾಣಂತಿಯ ದೀಪ ಮಂಕಾಗಬಾರದು.

ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸುತ್ತೇವೆ. ಒಂದು ಸಾಧಾರಣ ಉಷ್ಣಮಾಪಕ ಹಿಡಿದು ಈ ಚಳಿಗಾಲದಲ್ಲಿ ನಿಮ್ಮ ಊರಿನ ಹತ್ತು ಮನೆಗಳಲ್ಲಿ, ಮುಚ್ಚಿಗೆಯಿರುವ ಮತ್ತು ಇಲ್ಲದ ಕೋಣೆಗಳ ನಸುಕಿನ ಉಷ್ಣತೆಯನ್ನು ಒಂದು ವಾರ ಬರೆದಿಡಿ. ಮಾಡಿನ ಬಗೆ, ಸಂದುಗಳು, ಮಲಗುವವರ ವಯಸ್ಸು ಇವನ್ನೂ ಗುರುತಿಸಿ. ಬಂದ ಅಂಕಿಗಳನ್ನು ನಮಗೆ ಕಳಿಸಿದರೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ, ಪಂಚಾಯತಿಯ ಮುಂದೆಯೂ ಇಡುತ್ತೇವೆ. ಬೇಡಿಕೆಯ ಹಿಂದೆ ಅಳತೆಯಿದ್ದರೆ ಅಧಿಕಾರಿಗಳಿಗೆ ಜಾರಿಕೊಳ್ಳುವುದು ಕಷ್ಟ.

ಮನೆಯವರಿಗೆ ಹೇಳಬೇಕಾದ ಕ್ರಮ ಇಷ್ಟೇ. ಮೊದಲು ಮಾಡು, ಆಮೇಲೆ ಹಾಸು, ಆಮೇಲೆ ವೈರಿಂಗು, ಕಟ್ಟಕಡೆಗೆ ಹೀಟರು. ಈ ಕ್ರಮದಲ್ಲಿ ನಡೆದ ಅನೇಕ ಮನೆಗಳಿಗೆ ನಾಲ್ಕನೆಯದು ಬೇಕಾಗಲಿಕ್ಕಿಲ್ಲ. ಬೇಕಾದ ಮನೆಗೆ ಸಣ್ಣದೇ ಸಾಕಾಗುತ್ತದೆ. ನಿಮ್ಮ ಮನೆಯ ಹಿರಿಯರು ಇಂದು ರಾತ್ರಿ ಮಲಗುವ ಕೋಣೆಯಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಹಂಚಿನ ಸಂದಿನಲ್ಲಿ ಬೆಳಕು ಕಂಡರೆ, ಕೆಲಸ ಅಲ್ಲಿಂದಲೇ ಆರಂಭವಾಗಲಿ.